ಕೆಳಗಿನ ತೋಟ ಅಡವಿಡುವುದು ಬೇಡ

ಲೆಸ್ಟರ್
13-1-2026

ಪ್ರೀತಿಯ ಅಮ್ಮನಿಗೆ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಜ್ಜಿಯ ಕಾಲುನೋವು ಹೇಗಿದೆ?

ನಿನ್ನ ಕಾಗದ ಓದಿದ ಮೇಲೆ ಎರಡು ರಾತ್ರಿ ನಿದ್ದೆ ಬಂದಿಲ್ಲ. ಸುರೇಶನನ್ನು ಓದಲು ಇಲ್ಲಿಗೆ ಕಳಿಸುವುದಕ್ಕೆ ಅಪ್ಪ ಕೆಳಗಿನ ತೋಟವನ್ನು ಸೊಸೈಟಿಯಲ್ಲಿ ಅಡವಿಡಲು ಹೊರಟಿದ್ದಾರಂತೆ. ದಯಮಾಡಿ ನಿಲ್ಲಿಸು. "ಇಂಗ್ಲೆಂಡಿನಲ್ಲಿ ಬಡವರು ಉಂಟಾ? ಹೇಗೂ ಬದುಕಿಕೊಳ್ಳುತ್ತಾನೆ" ಅಂದರಂತೆ. ಇದ್ದಾರಮ್ಮ. ಬಾಡಿಗೆ ಖರ್ಚು ಕಳೆದು ನೋಡಿದರೆ ಐದರಲ್ಲಿ ಒಬ್ಬರು ಬಡವರು ಅಂತ ಇಲ್ಲಿಯ ಸರಕಾರದ್ದೇ ಲೆಕ್ಕ.

ವಯಸ್ಸಾದವರನ್ನು ನೋಡಿಕೊಳ್ಳುವ ನನ್ನ ಕೇರ್ ಹೋಮಿನಲ್ಲಿ ಜೊತೆಗೆ ಕೆಲಸ ಮಾಡುವ ಲಿಂಡಾ ಅಂತ ಒಬ್ಬಳಿದ್ದಾಳೆ. ಇಲ್ಲೇ ಹುಟ್ಟಿದವಳು. ಇಬ್ಬರು ಮಕ್ಕಳು, ಗಂಡ ಇಲ್ಲ. ಗಂಟೆಗೆ 12 ಪೌಂಡ್ 21 ಪೆನ್ಸ್, ಅದು ಇಲ್ಲಿಯ ಕನಿಷ್ಠ ಕೂಲಿ. ಅಪ್ಪ ಅದನ್ನು ರೂಪಾಯಿ ಮಾಡಿ 1,400ರ ಮೇಲಾಯಿತು ಅನ್ನುತ್ತಾರೆ. ಆದರೆ ಅವಳು ಅಕ್ಕಿ ಕೊಳ್ಳುವುದೂ ಪೌಂಡಿನಲ್ಲೇ ಅಲ್ವಾ? ಅರ್ಧ ಸಂಬಳ ಬಾಡಿಗೆಗೇ ಹೋಗುತ್ತದೆ. ಅವಳ ಮನೆಯಲ್ಲಿ ಕರೆಂಟಿಗೂ ಗ್ಯಾಸಿಗೂ ಮೊಬೈಲಿನ ಹಾಗೆ ಮೊದಲೇ ರೀಚಾರ್ಜ್ ಮಾಡಬೇಕು. ಹಣ ಮುಗಿದರೆ ಹೀಟರ್ ಆರುತ್ತದೆ. ಕಳೆದ ವಾರ ಮಕ್ಕಳಿಗೆ ಕೋಟು ಹಾಕಿಸಿಯೇ ಮಲಗಿಸಿದಳಂತೆ.

ಇಲ್ಲಿ ಇಲ್ಲದವರಿಗೆ ದುಡ್ಡಿಲ್ಲದೆ ಆಹಾರ ಹಂಚುವ ಫುಡ್ ಬ್ಯಾಂಕ್ ಅಂತ ಇದೆ. ಅವಳು ಅಲ್ಲಿಗೆ ಹೋಗುವಾಗ ಚೀಲ ಹೊರಲು ನಾನೂ ಒಮ್ಮೆ ಹೋಗಿದ್ದೆ. ಡಾಕ್ಟರೋ ಶಾಲೆಯವರೋ ಚೀಟಿ ಬರೆದುಕೊಡಬೇಕು. ಮೂರು ದಿನಕ್ಕಾಗುವಷ್ಟು ಡಬ್ಬಿಯ ಬೀನ್ಸ್, ಪಾಸ್ತಾ, ಹಾಲು. ಒಲೆ ಉರಿಸಲೂ ಹಣವಿಲ್ಲದವರಿಗೆ ಬಿಸಿನೀರು ಹೊಯ್ದು ತಿನ್ನುವಂಥ ಸಾಮಾನಿನ ಚೀಲ ಬೇರೆ. ಟ್ರಸಲ್ ಅನ್ನುವ ಒಂದೇ ಸಂಸ್ಥೆಯ ಫುಡ್ ಬ್ಯಾಂಕುಗಳು 2024-25ರಲ್ಲಿ ಹಂಚಿದ ಪೊಟ್ಟಣ ಸುಮಾರು 29 ಲಕ್ಷ. ಲಿಂಡಾ ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ನಮ್ಮ ಕಮಲಕ್ಕ ನೆನಪಾದಳು. ಕಡುಬಡವರ ಹಳದಿ ಕಾರ್ಡು ಹಿಡಿದು, ತಿಂಗಳ 35 ಕಿಲೋ ಸರಿಯಾಗಿ ತೂಗು ಅಂತ ರೇಷನ್ ಅಂಗಡಿಯಲ್ಲಿ ಜೋರು ಮಾಡುತ್ತಾಳಲ್ಲ. ಕಷ್ಟ ಬಂದರೆ ನಿನ್ನ ಜಗಲಿಗೆ ಬಂದು ಕೂರುತ್ತಾಳೆ. ಲಿಂಡಾಳ ಪಕ್ಕದ ಮನೆಯವರಿಗೆ ಅವಳ ಹೆಸರೂ ಗೊತ್ತಿಲ್ಲ.

ಹಾಗಂತ ನಮ್ಮೂರಿನ ಬಡತನ ಸಣ್ಣದು ಅಂತಲ್ಲ. ಗಂಡನಿಗೆ ಎದೆನೋವು ಬಂದಾಗ ಮಂಗಳೂರಿನ ಬಿಲ್ಲು ಕಟ್ಟಲು ಕಮಲಕ್ಕ ಕರಿಮಣಿ ಮಾರಿದ್ದು ನಾನು ಮರೆತಿಲ್ಲ. 2020ರಲ್ಲಿ ತಲಪಾಡಿ ಗಡಿ ಮುಚ್ಚಿ, ಮಂಗಳೂರಿಗೆ ಹೋಗಲಾಗದೆ ನಮ್ಮ ಕಾಸರಗೋಡು ಜಿಲ್ಲೆಯ ರೋಗಿಗಳು ತೀರಿಹೋದದ್ದೂ ನೆನಪಿದೆ. ಲಿಂಡಾಗೆ ಆಪರೇಷನ್ ಆದಾಗ ಆಸ್ಪತ್ರೆಗೆ ಒಂದು ಪೆನ್ನಿಯನ್ನೂ ಕೊಡಬೇಕಾಗಲಿಲ್ಲ. ಅದೊಂದು ನಮ್ಮಲ್ಲೂ ಇದ್ದಿದ್ದರೆ ಕಮಲಕ್ಕನ ಕುತ್ತಿಗೆ ಬರಿದಾಗುತ್ತಿರಲಿಲ್ಲ.

ಸುರೇಶನಿಗೆ ಮಾತ್ರ ಎರಡೂ ಕಡೆಯ ಆಸರೆ ತಪ್ಪುತ್ತದೆ. ವಿದ್ಯಾರ್ಥಿ ವೀಸಾದವರು ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವ ಹಾಗಿಲ್ಲ. ಸರಕಾರದ ಸಹಾಯಧನ ಸಿಗುವುದಿಲ್ಲ. ಆಸ್ಪತ್ರೆಗೆಂದು ವರ್ಷಕ್ಕೆ 776 ಪೌಂಡ್ ವೀಸಾ ಜೊತೆಗೇ ಕಟ್ಟಬೇಕು. ಇತ್ತ ಅಡಿಕೆಗೆ ಎಲೆಚುಕ್ಕಿ ರೋಗ ಬಂದರೆ ಬಡ್ಡಿ ಎಲ್ಲಿಂದ ಕಟ್ಟುವುದು? ಆ ಫುಡ್ ಬ್ಯಾಂಕಿನ ಸಾಲಿನಲ್ಲಿ ನಮ್ಮ ಕಡೆಯ ಹುಡುಗನೊಬ್ಬ ನಿಂತಿದ್ದ. ಊಟ ಆಯಿತು ಅಂತ ಮಲಯಾಳದಲ್ಲಿ ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದ.

ನನ್ನ ಚಿಂತೆ ಬೇಡ. ನನ್ನ ಕೋಣೆ ಬೆಚ್ಚಗಿದೆ. ಹೊಟ್ಟೆ ತುಂಬ ಉಣ್ಣುತ್ತೇನೆ. ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಯಲ್ಲಿ ನುಗ್ಗೆಕಾಯಿಯೂ ಸಿಗುತ್ತದೆ. ನಿಜವಾಗಿಯೂ ಏನೂ ತೊಂದರೆ ಇಲ್ಲ. ನಾನು ಸುಮ್ನೆ ಹೇಳುತ್ತಿಲ್ಲ.

ಸುರೇಶ ಮಂಗಳೂರಿನಲ್ಲೇ ಎಂ.ಕಾಂ. ಮಾಡಲಿ, ಫೀಸು ನಾನು ಕಳಿಸುತ್ತೇನೆ. ಆದಿತ್ಯವಾರ ಫೋನ್ ಮಾಡುತ್ತೇನೆ, ಅಪ್ಪನನ್ನು ಹತ್ತಿರ ಕೂರಿಸಿಕೋ. ಅಲ್ಲಿಯವರೆಗೆ ಯಾವ ಕಾಗದಕ್ಕೂ ಅವರು ಸಹಿ ಹಾಕುವುದು ಬೇಡ. ಬಸ್ಸಿಗೆ ಹೊತ್ತಾಯಿತು.

ನಿನ್ನ ಮಗಳು
ಶೋಭಾ