ಮಗುವಿನ ಚಿಕಿತ್ಸೆ: ಚೀಟಿ ಹೊತ್ತು ಅಲೆಯುವ ತಾಯಂದಿರು

ಮಾನ್ಯ ಸಂಪಾದಕರೇ,

ನಾನು ಪಾಠ ಮಾಡುತ್ತಿದ್ದ ಐದನೆಯ ತರಗತಿಯ ಹುಡುಗನೊಬ್ಬ ತಂದೆ ತೀರಿಕೊಂಡ ಮೇಲೆ ಶಾಲೆಯಲ್ಲಿ ಮಾತನಾಡುವುದನ್ನೇ ಬಿಟ್ಟಿದ್ದ. ಆರೋಗ್ಯ ತಪಾಸಣೆಗೆ ಬಂದ ತಂಡ ಬರೆದುಕೊಟ್ಟ ಚೀಟಿ ಹಿಡಿದು ಅವನ ತಾಯಿ ತಾಲ್ಲೂಕು ಆಸ್ಪತ್ರೆಗೂ ಅಲ್ಲಿಂದ ಜಿಲ್ಲಾಸ್ಪತ್ರೆಗೂ ಹೋದರು. ಎರಡೂ ಕಡೆ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಬೇಕಾಯಿತು, ಅದೂ ಮಗನ ಎದುರಿನಲ್ಲೇ. ಮತ್ತೊಂದು ದಿನದ ಕೂಲಿ ಬಿಡಲಾಗದೆ ಆಕೆ ಹೋಗುವುದನ್ನು ನಿಲ್ಲಿಸಿದರು. ಬಟ್ಟೆ ಅಂಗಡಿಯ ಚೀಲದಲ್ಲಿ ಮಡಚಿಟ್ಟಿದ್ದ ಚೀಟಿಗಳನ್ನು ನನಗೆ ತೋರಿಸಿದಾಗ, ತರಗತಿಯಲ್ಲಿ ನಾವು ಏನು ಮಾಡಬೇಕೆಂಬ ಒಂದು ಸಾಲೂ ಅವುಗಳಲ್ಲಿ ಇರಲಿಲ್ಲ. ಗಂಡನನ್ನು ಕಳೆದುಕೊಂಡ ಆಕೆಗೆ ರಾತ್ರಿ ನಿದ್ದೆ ಬರುತ್ತಿದೆಯೇ ಎಂದೂ ಯಾರೂ ಕೇಳಿರಲಿಲ್ಲ.

ಸೌಲಭ್ಯವೇ ಇಲ್ಲವೆಂಬುದು ನನ್ನ ದೂರಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ‘ಮನೋಚೈತನ್ಯ’ ಚಿಕಿತ್ಸಾಲಯವಿದೆ, ಫೋನಿನಲ್ಲೇ ಮಾನಸಿಕ ಆರೋಗ್ಯದ ಸಲಹೆ ಕೊಡುವ ಟೆಲಿ ಮನಸ್‌ನ 14416 ಸಂಖ್ಯೆಯಿದೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆಗಳಿರುವುದನ್ನು ಗುರುತಿಸಿದೆ. ಆದರೆ ಆಸ್ಪತ್ರೆ ಆರೋಗ್ಯ ಇಲಾಖೆಯದು, ಶಾಲೆ ಶಿಕ್ಷಣ ಇಲಾಖೆಯದು, ಅಂಗನವಾಡಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯದು. ಇವುಗಳ ನಡುವೆ ಓಡಾಡುವ ಟಪಾಲು ಮಾತ್ರ ತಾಯಿಯೇ. (ನಮ್ಮೂರಿನಲ್ಲಿ ಆಸ್ಪತ್ರೆಗೂ ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೂ ನಡುವೆ ಒಂದು ರಸ್ತೆಯಷ್ಟೇ ಅಂತರ.)

ಹೊಸ ಯೋಜನೆಯಾಗಲಿ ಹೊಸ ಕಟ್ಟಡವಾಗಲಿ ಬೇಕಿಲ್ಲ. ತಿಂಗಳ ಒಂದು ಮಂಗಳವಾರವನ್ನು ಮಕ್ಕಳಿಗಾಗಿಯೇ ಮೀಸಲಿಟ್ಟು, ಅಂದು ಮನೋವೈದ್ಯರ ಜೊತೆ ವಿಶೇಷ ಅಗತ್ಯದ ಮಕ್ಕಳ ಸಂಪನ್ಮೂಲ ಶಿಕ್ಷಕರೂ ಆ ಊರಿನ ಆಶಾ ಕಾರ್ಯಕರ್ತೆಯೂ ಕೂರುವಂತಾಗಲಿ. ಮಗುವಿನ ಹೊಣೆ ಇಂಥವರದೇ ಎಂದು ಒಬ್ಬರ ಹೆಸರನ್ನು ಚೀಟಿಯ ಮೇಲೆ ಬರೆಯಲಿ. ತಾಯಿ ಬಾರದಿದ್ದರೆ ವಿಚಾರಿಸಿಕೊಂಡು ಮನೆಗೆ ಹೋಗುವುದು ಅವರ ಕೆಲಸವಾಗಲಿ. ಶಾಲೆಗೆ ತಿಳಿಸುವುದು ಪೋಷಕರ ಒಪ್ಪಿಗೆ ಪಡೆದ ಮೇಲೆಯೇ, ಅದೂ ಪಾಠ ಹೇಳಲು ಬೇಕಾದಷ್ಟೇ ಇರಬೇಕು. ರೋಗದ ಹೆಸರು ಸಿಬ್ಬಂದಿ ಕೊಠಡಿಯಲ್ಲಿ ಹರಟೆಯ ವಸ್ತುವಾಗುವುದನ್ನು ಕಣ್ಣಾರೆ ಕಂಡವಳಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಮೂರೂ ಇಲಾಖೆಗಳ ಜಂಟಿ ಸುತ್ತೋಲೆ ಹೊರಟರೆ, ಮುಂದಿನ ಶೈಕ್ಷಣಿಕ ವರ್ಷದಿಂದಲೇ ಇದನ್ನು ಆರಂಭಿಸಬಹುದು.

– ನಿವೃತ್ತ ಶಿಕ್ಷಕಿ