ಎಂಟ್ರಿ ಕೊಟ್ಟರೆ ಸಾಲದು, ಕೆಲಸವನ್ನೂ ಕೊಡಬೇಕು

ಮಾನ್ಯ ಸಂಪಾದಕರೇ,

ಹತ್ತು ಹನ್ನೆರಡು ಜನರ ತುಂಬು ಮನೆಯ ಧಾರಾವಾಹಿಗೆ ಮಧ್ಯದಲ್ಲಿ ಹೊಸ ಪಾತ್ರವೊಂದು ಬಂದಾಗಲೆಲ್ಲ ಕೇಳಿಬರುವ ದೂರು ಒಂದೇ: ‘ಈಕೆಗೆ ನಟನೆ ಬರಲ್ಲ, ಹಳಬರನ್ನೇ ಕರೆಸಿ.’ ಧಾರಾವಾಹಿಗಳಿಗೆ ಚಿತ್ರಕಥೆ, ಸಂಭಾಷಣೆ ಬರೆಯುವ ನಮಗೆ ಕಾಣುವುದೇ ಬೇರೆ. ಬಹುಪಾಲು ತಪ್ಪು ಕಲಾವಿದೆಯದಲ್ಲ, ಬರೆದವರದು. ಆಕೆಗೆ ಎಂಟ್ರಿ ಕೊಟ್ಟಿರುತ್ತೇವೆ, ಕೆಲಸ ಕೊಟ್ಟಿರುವುದಿಲ್ಲ.

ಮೊದಲು ನಿಮಿಷಗಳ ಲೆಕ್ಕ. ಅರ್ಧ ಗಂಟೆಯ ಸ್ಲಾಟ್‌ನಲ್ಲಿ ಜಾಹೀರಾತು ಕಳೆದರೆ ಕಥೆಗೆ ಉಳಿಯುವುದು ಸುಮಾರು 22 ನಿಮಿಷ. ವಾರಕ್ಕೆ ಆರು ಕಂತಾದರೆ 132. ಹನ್ನೆರಡು ಪಾತ್ರಗಳಿಗೆ ಹಂಚಿದರೆ ತಲಾ 11 ನಿಮಿಷ. (ಒಂದು ದೃಶ್ಯದಲ್ಲಿ ಮೂರ್ನಾಲ್ಕು ಜನ ಇರುತ್ತಾರೆ, ನಿಜ, ನಾವು ಲೆಕ್ಕ ಹಾಕುವುದು ಆ ದೃಶ್ಯ ಯಾರದ್ದು ಎಂದು.) ಹೊಸಬಳಿಗೆ ಮೊದಲ ವಾರವೇ 40 ನಿಮಿಷ ಕೊಟ್ಟರೆ ಉಳಿದ ಹನ್ನೆರಡು ಜನರಿಗೆ ತಲಾ ಎಂಟೂ ಸಿಗುವುದಿಲ್ಲ. ಮನೆಯಲ್ಲಿ ಕೂತು ನೋಡುವವರು ಗಡಿಯಾರ ಹಿಡಿದಿರುವುದಿಲ್ಲ. ಆದರೆ ‘ಈ ವಾರ ಅಜ್ಜಿ ಕಾಣಿಸಲೇ ಇಲ್ವಲ್ಲ’ ಎಂದು ಅನ್ನಿಸಿಬಿಡುತ್ತದೆ, ಆ ಸಿಟ್ಟು ಹೊಸಬಳ ಮೇಲೆ ತಿರುಗುತ್ತದೆ. ಮೊದಲ ವಾರ ಹದಿನೈದು ನಿಮಿಷ ಧಾರಾಳವಾಯಿತು, ಅದೂ ಹಳಬರ ದೃಶ್ಯಗಳ ಒಳಗೇ. ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗ ಕೋಡಂಗಿ, ಬಾಲಗೋಪಾಲದಂಥ ಆರಂಭದ ವೇಷಗಳನ್ನೆಲ್ಲ ಮುಗಿಸಿ ಪುಂಡುವೇಷಕ್ಕೆ ಏರುತ್ತಿದ್ದ. ಬಂದ ರಾತ್ರಿಯೇ ಯಾರೂ ಅವನಿಗೆ ‘ಎರಡನೇ ವೇಷ’ ಎಂಬ ಮುಖ್ಯ ಪಾತ್ರ ಕಟ್ಟಿಸುತ್ತಿರಲಿಲ್ಲ.

ಸ್ಲೋ ಮೋಷನ್, ಹಾರುವ ಕೂದಲು, ಹಿಂದೆ ಹಾಡು: ಈ ಎಂಟ್ರಿ ಪ್ರೋಮೋಗೆ ಸರಿ, ಕಥೆಗೆ ದಂಡ. ಬಾಸ್ಟನ್ನಿನ ಬಾರೊಂದರಲ್ಲಿ ನಡೆಯುವ ಅಮೆರಿಕದ ಹಾಸ್ಯ ಧಾರಾವಾಹಿ ‘ಚಿಯರ್ಸ್’ ಈ ಕೆಲಸವನ್ನು ಹೇಗೆ ಮಾಡಿತು ನೋಡಿ. ಅದರಲ್ಲಿ ಕೋಚ್ ಎಂಬ ಮುಗ್ಧ ಹಿರಿಯನ ಪಾತ್ರ ಮಾಡುತ್ತಿದ್ದ ನಿಕೊಲಸ್ ಕೊಲಸಾಂಟೊ 1985ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಶುರುವಾದ ನಾಲ್ಕನೇ ಸೀಸನ್ನಿಗೆ ವುಡಿ ಹ್ಯಾರೆಲ್ಸನ್ ಬಂದರು. ಪಾತ್ರದ ಹೆಸರೂ ವುಡಿ, ಇಂಡಿಯಾನಾದ ಹಳ್ಳಿ ಹುಡುಗ. ಕೋಚ್‌ನನ್ನು ಹುಡುಕಿಕೊಂಡು ಬಂದಿದ್ದಾನೆ. ಇಬ್ಬರೂ ‘ಪೆನ್ ಪಾಲ್’ಗಳಂತೆ. ಅಂದರೆ ಕಾಗದ ಬರೆದುಕೊಳ್ಳುತ್ತಿದ್ದರು ಅಂತಲ್ಲ, ಒಬ್ಬರಿಗೊಬ್ಬರು ಪೆನ್ನು ಕಳಿಸಿಕೊಳ್ಳುತ್ತಿದ್ದರು! ಅದೊಂದು ತಮಾಷೆಯಲ್ಲೇ ಹೋದವನ ನೆನಪೂ ಬಂತು, ಬಂದವನ ಸ್ವಭಾವವೂ ತಿಳಿಯಿತು, ಅವನು ಅಲ್ಲಿಗೇ ಯಾಕೆ ಬಂದ ಎಂಬುದಕ್ಕೆ ಉತ್ತರವೂ ಸಿಕ್ಕಿತು. ಕೆಲಸ ಮಾತ್ರ ಹಳೆಯದೇ, ಗ್ಲಾಸಿಗೆ ಬಿಯರ್ ಹಾಕುವುದು. ಬದಲಾದದ್ದು ವಯಸ್ಸು. ನಿನ್ನೆಯವರೆಗೆ ಅಪ್ಪನಂತಿದ್ದವನ ಜಾಗದಲ್ಲಿ ಈಗ ತಿದ್ದಿ ತೀಡಬೇಕಾದ ಹುಡುಗ. ಅದರಿಂದ ಉಳಿದವರೆಲ್ಲರಿಗೂ ಹೊಸ ಕೆಲಸ ಬಂತು. 1993ರಲ್ಲಿ ಧಾರಾವಾಹಿ ಮುಗಿಯುವವರೆಗೂ ವುಡಿ ಕೌಂಟರಿನ ಹಿಂದೆಯೇ ಇದ್ದ.

ಎಡವಿದ ಉದಾಹರಣೆಯೂ ಇದೆ. ಬಾಹ್ಯಾಕಾಶ ಹಡಗಿನಲ್ಲಿ ನಡೆಯುವ ಅಮೆರಿಕದ ಧಾರಾವಾಹಿ ‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್’ 1988ರಲ್ಲಿ, ಎರಡನೇ ಸೀಸನ್ನಿಗೆ, ಡಾಕ್ಟರ್ ಪುಲಾಸ್ಕಿಯನ್ನು ತಂತು. ಡಯಾನಾ ಮುಲ್ಡಾರ್ ನುರಿತ ನಟಿ, ನಟನೆಗೆ ಕೊರತೆಯಿರಲಿಲ್ಲ. ಆದರೆ ಬಂದ ಕಂತಿನಲ್ಲೇ ಪುಲಾಸ್ಕಿ, ಡೇಟಾ ಎಂಬ ಯಂತ್ರಮಾನವನನ್ನು ‘ಡಾಟಾ’ ಎಂದು ಕರೆಯುತ್ತಾಳೆ. ಅವನು ತಿದ್ದಿದರೆ, ಎರಡಕ್ಕೂ ಏನು ವ್ಯತ್ಯಾಸ ಎನ್ನುತ್ತಾಳೆ. ‘ಒಂದು ನನ್ನ ಹೆಸರು, ಇನ್ನೊಂದು ಅಲ್ಲ’ ಎನ್ನುತ್ತಾನೆ ಅವನು. ಅಷ್ಟು ಹೊತ್ತಿಗಾಗಲೇ ಡೇಟಾ ನೋಡುವವರ ಮನೆಮಗನಾಗಿದ್ದ. ಮನೆಮಗನನ್ನು ಹಂಗಿಸಿಕೊಂಡು ಒಳಗೆ ಬಂದವಳಿಗೆ ಯಾರು ಮಣೆ ಹಾಕುತ್ತಾರೆ? ಮೂರನೇ ಸೀಸನ್ನಿಗೆ ಹಳೆಯ ಡಾಕ್ಟರೇ ವಾಪಸು ಬಂದರು. ಅದೇ ಸರಣಿಯ ‘ವಾಯೇಜರ್’ 1997ರಲ್ಲಿ ಸೆವೆನ್ ಆಫ್ ನೈನ್ ಪಾತ್ರ ತಂದಾಗ ಆಕೆಗೆ ಹಡಗಿನಲ್ಲಿ ಬೇರೆ ಯಾರೂ ಮಾಡಲಾಗದ ಕೆಲಸವಿತ್ತು. ಶತ್ರುಗಳ ನಡುವೆ ಬೆಳೆದು, ಅವರ ವಿದ್ಯೆಯನ್ನೆಲ್ಲ ತಲೆಯಲ್ಲಿ ಹೊತ್ತು ಬಂದಿದ್ದಳು. ಕ್ಯಾಪ್ಟನ್ನಿಗೆ ಎದುರು ಮಾತಾಡಲು ಕಾರಣವೂ ಇತ್ತು. 2001ರ ಕೊನೆಯ ಕಂತಿನವರೆಗೂ ಉಳಿದಳು.

ನಮ್ಮಲ್ಲಿ ಇದಕ್ಕೆ ಸುಲಭದ ಪರೀಕ್ಷೆಯೊಂದಿದೆ. ಒಂದೊಂದು ದೃಶ್ಯವನ್ನು ಒಂದೆರಡು ಸಾಲಿನಲ್ಲಿ ಬರೆದಿಡುವ ಒನ್‌ಲೈನ್ ಹಾಳೆಯಲ್ಲಿ ಹೊಸಬಳ ಹೆಸರಿನ ಮೇಲೆ ಗೀಟು ಎಳೆಯಿರಿ. ದೃಶ್ಯ ಆಗಲೂ ನಡೆಯುತ್ತದೆಯೇ? ನಡೆದರೆ ಆಕೆ ಅಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದಾಳೆ ಅಷ್ಟೇ. ಮನೆಯ ಲೆಕ್ಕ ನೋಡುವವರಿಲ್ಲದಿದ್ದರೆ ಆಕೆಗೆ ಆ ಲೆಕ್ಕದ ಕೆಲಸ ಕೊಡಿ. ಯಜಮಾನರಿಗೆ ಎದುರಾಡುವವರಿಲ್ಲದಿದ್ದರೆ ಆ ಬಾಯಿ ಕೊಡಿ. ಒಂದು ಸಲ ಆಕೆಯ ಲೆಕ್ಕ ತಪ್ಪಲಿ, ನಷ್ಟವೂ ಆಕೆಗೇ ಆಗಲಿ, ಹಳಬರಲ್ಲೊಬ್ಬರು ಕೈಹಿಡಿದು ಎತ್ತಲಿ. ಎಲ್ಲದರಲ್ಲೂ ಗೆಲ್ಲುವವಳನ್ನು ಯಾರೂ ಮನೆಯವಳೆಂದು ಒಪ್ಪುವುದಿಲ್ಲ.

ಕನ್ನಡದಲ್ಲಿ ಬರೆಯುವವರ ಕೈಯಲ್ಲಿ ಇಂಗ್ಲಿಷಿನವರಿಗೆ ಇಲ್ಲದ ಉಪಕರಣವೊಂದಿದೆ: ‘ನೀವು’ ಮತ್ತು ‘ನೀನು’. ಹೊಸಬಳು ಮೈದುನನನ್ನು ‘ನೀವು’ ಎಂದು ಶುರುಮಾಡಿದರೆ ‘ನೀನು’ಗೆ ಇಳಿಯುವ ಕ್ಷಣವೇ ಒಂದು ಕಂತಿನ ಕೊನೆಯ ಹುಕ್ ಆಗಬಲ್ಲದು. ನಾವು ಅದನ್ನು ಎರಡನೇ ದಿನವೇ ಖರ್ಚು ಮಾಡಿಬಿಡುತ್ತೇವೆ, ಅದೂ ಗಮನಕ್ಕೆ ಬಾರದೆ. ದೃಶ್ಯ 4ರಲ್ಲಿ ‘ಕೂತ್ಕೊಳ್ಳಿ’, ದೃಶ್ಯ 6ರಲ್ಲಿ ‘ಕೂತ್ಕೋ’, ಮರುದಿನ ಮತ್ತೆ ‘ಬನ್ನಿ’. ಸಂಭಾಷಣೆ ಬರೆಯುವವರು ಇಬ್ಬರಿದ್ದರೆ ಕೇಳುವುದೇ ಬೇಡ. ಧಾರವಾಡದಿಂದ ಬಂದವಳೆಂದು ಮೊದಲ ವಾರ ‘ಬರ್ರಿ, ಕುಂದರ್ರಿ’ ಅನ್ನಿಸಿ, ತಿಂಗಳು ಕಳೆಯುವಷ್ಟರಲ್ಲಿ ಬಸವನಗುಡಿಯ ಮಾತು ಆಡಿಸುತ್ತೇವೆ. ಆ ಹೊತ್ತಿಗೆ ಆಕೆಗೆ ಊರೂ ಉಳಿಯುವುದಿಲ್ಲ, ಪಾತ್ರವೂ ಉಳಿಯುವುದಿಲ್ಲ.

ಹಳೆಯ ಪಾತ್ರಕ್ಕೆ ಹೊಸ ಮುಖ ತರುವ ರಿಪ್ಲೇಸ್‌ಮೆಂಟ್ ಬೇರೆ ವಿಷಯ. ಅಲ್ಲಿ ಸೀರೆ ಉಡುವ ರೀತಿ, ಮಾತಿನ ಚಾಳಿ ಯಾವುದನ್ನೂ ಮುಟ್ಟಬಾರದು. ಮೊದಲ ದೃಶ್ಯದಲ್ಲೇ ಆಪ್ತರೊಬ್ಬರ ಬಾಯಲ್ಲಿ ಹೆಸರು ಕರೆಸಿದರೆ ಅರ್ಧ ಕೆಲಸ ಮುಗಿಯಿತು.

ಇಷ್ಟೆಲ್ಲ ಮಾಡಿದರೂ ಗುರುವಾರ ಟಿಆರ್‌ಪಿ ಬರುತ್ತದೆ. ಸಂಖ್ಯೆ ಸ್ವಲ್ಪ ಜಾರಿದರೆ ಶುಕ್ರವಾರವೇ ಟ್ರ್ಯಾಕ್ ಬದಲು: ಹೊಸಬಳಿಗೊಂದು ಪ್ರೇಮ, ಇಲ್ಲವೇ ಅಪಘಾತ. ಬ್ಯಾಂಕಿಂಗ್‌ನಲ್ಲಿ, ಅಂದರೆ ಮುಂಚಿತವಾಗಿ ಚಿತ್ರೀಕರಿಸಿಟ್ಟುಕೊಂಡದ್ದರಲ್ಲಿ, ನಾಲ್ಕೇ ಕಂತು ಇದ್ದರೆ ಯೋಚಿಸಲು ಪುರುಸೊತ್ತೂ ಇರುವುದಿಲ್ಲ. ಕನಿಷ್ಠ ನಲವತ್ತು ಕಂತಿನ ಒನ್‌ಲೈನ್‌ಗೆ ವಾಹಿನಿಯವರ ಒಪ್ಪಿಗೆ ಪಡೆಯದೆ ಹೊಸ ಪಾತ್ರ ತರಲೇಬಾರದು ಎಂಬುದು ನಮ್ಮ ಅಭಿಪ್ರಾಯ.

ಖರ್ಚೇ ಇಲ್ಲದ ಇನ್ನೊಂದು ಕೆಲಸವಿದೆ. ರಾಜರಾಜೇಶ್ವರಿ ನಗರದ ಶೂಟಿಂಗ್ ಮನೆಯಲ್ಲಿ ಬೆಳಗ್ಗೆ ಮೇಕಪ್‌ಗೆ ಕೂತ ಹೊಸ ಕಲಾವಿದೆಯ ಕೈಗೆ ಸಿಗುವುದು ಆ ದಿನದ ದೃಶ್ಯದ ಹಾಳೆ ಮಾತ್ರ. ಅದರ ಜೊತೆ ಇನ್ನೊಂದು ಹಾಳೆ ಕೊಡಿ: ಮನೆಯ ಹನ್ನೆರಡು ಜನರ ಹೆಸರು, ಯಾರನ್ನು ಏನೆಂದು ಕರೆಯಬೇಕು, ಯಾರಿಗೆ ‘ನೀವು’, ಯಾರ ಜೊತೆ ಇನ್ನೂ ಒಂದು ಮಾತೂ ಆಡಿಲ್ಲ. ಆ ಕೊನೆಯ ಕಾಲಮ್ಮಿನಲ್ಲಿ ಎರಡು ತಿಂಗಳಾದ ಮೇಲೂ ಹೆಸರು ಉಳಿದಿದ್ದರೆ ಮುಂದಿನ ವಾರದ ದೃಶ್ಯ ಯಾರ ಜೊತೆ ಎಂದು ಬೇರೆ ಹುಡುಕಬೇಕಿಲ್ಲ.

– ಧಾರಾವಾಹಿ ಬರಹಗಾರರು, ಬೆಂಗಳೂರು