ಸೋದರಮಾವನ ಪತ್ರ: ಬಳ್ಳಾರಿಯ ಮಧ್ಯಾಹ್ನದ ಗಾಳಿ

ಬಳ್ಳಾರಿ

ಚಿ. ಕು. ಗಂಗಾಳಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲರೂ ಕ್ಷೇಮ.

ವಿಮಾನ ಹಾರಿಸುವ ನಿನ್ನ ತರಬೇತಿಯ ಬಗ್ಗೆ ಬರೆದ ಪತ್ರ ತಲುಪಿತು. ಬೆಳಗಿನ ಏಳಕ್ಕೆ ಹಗುರವಾಗಿ ಮೇಲೇಳುವ ವಿಮಾನವೇ ಮಧ್ಯಾಹ್ನ ಎರಡಕ್ಕೆ ರನ್‌ವೇ ಬಿಡಲು ಒಲ್ಲೆನೆನ್ನುತ್ತದೆ, ಪರೀಕ್ಷಿಸಿದವರು ಎಂಜಿನ್‌ನಲ್ಲಿ ದೋಷವಿಲ್ಲವೆನ್ನುತ್ತಾರೆ ಎಂದು ಬರೆದಿದ್ದೀಯೆ. ವಾಯುಸೇನೆಯಲ್ಲಿ ಇಪ್ಪತ್ತು ವರ್ಷ ಎಂಜಿನ್ ಫಿಟ್ಟರ್ ಆಗಿದ್ದ ನಾನು ವಿಮಾನವನ್ನು ಹಾರಿಸಿದವನಲ್ಲ, ಹಾರಿಸುವವರಿಗೆ ಸಿದ್ಧಪಡಿಸಿ ಕೊಟ್ಟವನು. ಆದರೂ ಇದಕ್ಕೆ ನಾನು ಉತ್ತರ ಹೇಳಬಲ್ಲೆ: ಅವರ ಮಾತು ನಿಜ, ಬದಲಾದದ್ದು ಗಾಳಿ. ಕಾದ ಗಾಳಿ ಹಿಗ್ಗಿ, ಎತ್ತರದ ಗಾಳಿಯಂತೆ ತೆಳುವಾಗುತ್ತದೆ.

ನಮ್ಮೂರಿನ ಲೆಕ್ಕವನ್ನೇ ಹಾಕೋಣ. ಬಳ್ಳಾರಿ ಸಮುದ್ರಮಟ್ಟದಿಂದ ಸುಮಾರು 1,600 ಅಡಿ ಎತ್ತರದಲ್ಲಿದೆ. ಸಮುದ್ರಮಟ್ಟಕ್ಕೆ 15 ಡಿಗ್ರಿ, ಮೇಲೇರಿದ ಪ್ರತಿ ಸಾವಿರ ಅಡಿಗೆ ಸುಮಾರು 2 ಡಿಗ್ರಿ ಕಡಿಮೆ ಎಂಬ ಪ್ರಮಾಣಿತ ವಾತಾವರಣದ ಪ್ರಕಾರ ಇಲ್ಲಿರಬೇಕಾದದ್ದು 12 ಡಿಗ್ರಿ. ಮೇ ತಿಂಗಳ ಮಧ್ಯಾಹ್ನ ಇರುವುದು 42. (ನಮಗೆ ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಎರಡೇ ಕಾಲಗಳೆಂದು ನಿನ್ನಜ್ಜಿ ಹೇಳುತ್ತಿದ್ದುದು ಸುಳ್ಳಲ್ಲ.) ಹೆಚ್ಚಾದ ಪ್ರತಿ ಡಿಗ್ರಿಗೆ 120 ಅಡಿಯಂತೆ 30 ಡಿಗ್ರಿಗೆ 3,600 ಅಡಿ ಸೇರಿಸಿದರೆ ಸಾಂದ್ರತೆಯ ಎತ್ತರ, ಅಂದರೆ ನೀವು ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುವುದು, 5,200 ಅಡಿಯಾಗುತ್ತದೆ. ನಂದಿಬೆಟ್ಟದ ತುದಿ ಇರುವುದು 4,850 ಅಡಿಯ ಆಸುಪಾಸಿನಲ್ಲಿ. ಬಳ್ಳಾರಿಯ ಬಯಲಿನಲ್ಲಿ ಚಕ್ರ ಊರಿ ನಿಂತ ವಿಮಾನವು ಆ ಹೊತ್ತಿಗೆ ನಂದಿಬೆಟ್ಟಕ್ಕಿಂತ ಮೇಲಿನ ತೆಳುಗಾಳಿಯಲ್ಲಿದ್ದಂತೆ ವರ್ತಿಸುತ್ತದೆ.

ತೆಳುಗಾಳಿಯಲ್ಲಿ ಎಂಜಿನ್ ಕಡಿಮೆ ಗಾಳಿಯನ್ನು ಒಳಗೆಳೆದುಕೊಂಡು ಕಡಿಮೆ ಶಕ್ತಿ ಕೊಡುತ್ತದೆ, ಪ್ರೊಪೆಲ್ಲರಿಗೆ ಹಿಂದಕ್ಕೆ ತಳ್ಳಲು ಸಾಕಷ್ಟು ಗಾಳಿ ಸಿಕ್ಕುವುದಿಲ್ಲ, ರೆಕ್ಕೆ ಅದೇ ಭಾರವನ್ನು ಹೊರಲು ಹೆಚ್ಚು ವೇಗವಾಗಿ ಓಡಬೇಕಾಗುತ್ತದೆ. ಇಲ್ಲಿ ಮೋಸಹೋಗುವುದು ಕಣ್ಣು. ವೇಗಸೂಚಿಯೂ ರೆಕ್ಕೆಯಂತೆ ಅದೇ ತೆಳುಗಾಳಿಯ ಒತ್ತಡವನ್ನು ಅಳೆಯುವುದರಿಂದ ನೆಲ ಬಿಡಬೇಕಾದ ಅಂಕೆ ಬದಲಾಗುವುದಿಲ್ಲ. ಆದರೆ ಸೂಜಿ 65 ನಾಟ್ ತೋರಿಸುವಾಗ ಗಾಳಿಯಲ್ಲಿ ನಿನ್ನ ನಿಜವಾದ ವೇಗ 70 ಆಗಿರುತ್ತದೆ. ಹಾಗಾಗಿ ಇಳಿಯಲು ಬರುವಾಗ ನೆಲ ಎಂದಿಗಿಂತ ಬೇಗ ಸರಿಯುವಂತೆ ಕಾಣುತ್ತದೆ. ರೆಕ್ಕೆಯನ್ನು ಎಂದಿನಷ್ಟೇ ಓರೆಯಾಗಿ ವಾಲಿಸಿ ತಿರುಗಿದರೂ ತಿರುವು ಅಗಲವಾಗಿ, ರನ್‌ವೇಯ ನೇರವನ್ನು ದಾಟಿಹೋಗುತ್ತೀಯೆ. ಆಗ ಕೈಗೆ ಎರಡು ಆಸೆಗಳು ಹುಟ್ಟುತ್ತವೆ: ವೇಗ ತಗ್ಗಿಸುವುದು ಮತ್ತು ಓರೆ ಹೆಚ್ಚಿಸಿ ಮೂತಿಯನ್ನು ಎಳೆಯುವುದು. ಈ ಪತ್ರ ಬರೆಯುತ್ತಿರುವುದೇ ಅವೆರಡಕ್ಕಾಗಿ.

ಬಾಲ್ಯದಲ್ಲಿ ನಿನಗೆ ಗಾಳಿಪಟ ಕಟ್ಟಿಕೊಡುವಾಗ ಸೂತ್ರದ ಗಂಟನ್ನು ಒಂದು ಬೆರಳಿನಷ್ಟು ಸರಿಸಿ ನೋಡುತ್ತಿದ್ದೆನಲ್ಲ, ಅದು ಪಟವು ಗಾಳಿಗೆ ಒಡ್ಡುವ ಕೋನವನ್ನು ಹೊಂದಿಸುವ ಕೆಲಸ. ರೆಕ್ಕೆಗೂ ಅಂಥದೇ ಕೋನವಿದೆ. ನಿಮ್ಮ ತರಬೇತಿ ವಿಮಾನದಂಥವುಗಳಲ್ಲಿ ಅದು ಸುಮಾರು 15ರಿಂದ 18 ಡಿಗ್ರಿ ಮೀರಿತೆಂದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟು ಚದುರಿ, ಎತ್ತುವ ಬಲ ಕುಸಿಯುತ್ತದೆ. ಸ್ಟಾಲ್ ಎಂಬುದು ಇಷ್ಟೇ. ಅದು ಕೋನದ ಮಾತು, ವೇಗದ ಮಾತಲ್ಲ. ಸಮತಲ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ ವಿಮಾನವು, ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ಓರೆಯಲ್ಲಿ ತಿರುಗಿದರೆ 59ಕ್ಕೂ, 60 ಡಿಗ್ರಿಯಲ್ಲಿ ರೆಕ್ಕೆ ಹೊರಬೇಕಾದ ಭಾರ ಇಮ್ಮಡಿಯಾಗುವುದರಿಂದ 71ಕ್ಕೂ ಸ್ಟಾಲ್ ಆಗುತ್ತದೆ. ನೀನು ಹಿಡಿದಿರುವುದು 65. ತಿರುವು ದಾಟಿಹೋದರೆ ಎಳೆಯಬೇಡ. ಶಕ್ತಿ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಬಾ.

ಭಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಂಡೂರಿನ ಕಡೆಯಿಂದ ಅದಿರು ಹೇರಿಕೊಂಡು ಬರುವ ಲಾರಿ, ಮಿತಿ ಮೀರಿದ್ದರೂ, ಏದುಸಿರು ಬಿಡುತ್ತ ಏರು ಹತ್ತಿಬಿಡುವುದನ್ನು ನೋಡಿಯೇ ಬೆಳೆದವಳು ನೀನು. ಆ ರೂಢಿಯನ್ನು ರನ್‌ವೇಗೆ ತರಬೇಡ. ಭಾರ ನೂರಕ್ಕೆ ಹತ್ತು ಹೆಚ್ಚಿದರೆ ನೆಲ ಬಿಡಲು ಬೇಕಾದ ದೂರ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಹೆಚ್ಚುತ್ತದೆ. ಇನ್ನೊಂದು ಮೋಸವುಂಟು: ಒಂದು ರೆಕ್ಕೆಯ ತುದಿಯಿಂದ ಇನ್ನೊಂದರ ತುದಿಗೆ ಇರುವಷ್ಟು ಎತ್ತರದೊಳಗೆ ನೆಲದ ಸಮೀಪ ಗಾಳಿಯ ಎಳೆತ ಕಡಿಮೆಯಿರುವುದರಿಂದ, ಏರಲು ಶಕ್ತಿ ಸಾಲದ ವಿಮಾನವೂ ಅಲ್ಲಿ ತೇಲುತ್ತದೆ. ಅದನ್ನು ಹಾರಾಟವೆಂದು ನಂಬಿ ಮೂತಿ ಎತ್ತಿದರೆ, ಆ ಆಸರೆ ತಪ್ಪಿದೊಡನೆ ಕೆಳಗಿಳಿಯುತ್ತದೆ.

ನೀನು ಕಳಿಸಿದ ಸೆಸ್ನಾ 172ರ ಕೈಪಿಡಿಯ ಪುಟವನ್ನು ಕನ್ನಡಕ ಬದಲಿಸಿಕೊಂಡು ಎರಡು ಬಾರಿ ಓದಿದೆ. ಟೇಕಾಫ್ ದೂರದ ಕೋಷ್ಟಕ 40 ಡಿಗ್ರಿಗೆ ನಿಂತುಬಿಡುತ್ತದೆ. ನಮ್ಮ ಮಧ್ಯಾಹ್ನದ 42ಕ್ಕೆ ಅಲ್ಲಿ ಕಾಲಮೇ ಇಲ್ಲ, ಇಲ್ಲದ ಕಾಲಮನ್ನು ಅಂದಾಜಿನಿಂದ ತುಂಬುವ ಅಧಿಕಾರ ನಿನಗೂ ಇಲ್ಲ. ರಜೆಗೆ ಬರುವಾಗ ಇಡೀ ಕೈಪಿಡಿಯನ್ನೇ ತಾ. ಬೆಳಗಿನ ಆರು ಗಂಟೆಯ 27 ಡಿಗ್ರಿಗೆ ಎಷ್ಟು ದೂರ ಬೇಕಾಗುತ್ತದೆಂದು ಇಬ್ಬರೂ ಕೂತು ಲೆಕ್ಕ ಹಾಕೋಣ.

ನಿನ್ನ ಮಾವ